ಏರಿನಲ್ಲಿ ಮಾತ್ರ ಕುದಿಯುವ ಗಾಡಿ

ನನಗೊಂದು ಕೆಟ್ಟ ಚಟವಿದೆ. ಇಸ್ಪೀಟಲ್ಲ, ಗುಟಕಾ ಅಲ್ಲ. ಫೋನಿನಲ್ಲೇ ಗಾಡಿಯ ರೋಗ ಹೇಳಿಬಿಡುವುದು. ಗಜೇಂದ್ರಗಡದಲ್ಲಿ ರೋಣದ ರಸ್ತೆಗೆ ಗ್ಯಾರೇಜು ಹಾಕಿ ಇಪ್ಪತ್ತೆರಡು ವರ್ಷವಾಯಿತು. ಈ ಸುತ್ತಿನ ಊರುಗಳ ಕಾರು, ಜೀಪು, ಟಂಟಂಗಳ ಹೊಟ್ಟೆಯೊಳಗೆ ಏನಿದೆ, ಯಾವುದು ಯಾವಾಗ ಕೈಕೊಡುತ್ತದೆ ಎಂಬುದೆಲ್ಲ ನನಗೆ ಗೊತ್ತು. ಯಾರಾದರೂ ಫೋನು ಮಾಡಿ “ಮಿಸ್ತ್ರಿ, ಗರಗರ ಅಂತೈತ್ರಿ” ಎಂದರೆ “ಎಡಗಡೆ ಗಾಲಿ ಬೇರಿಂಗ್, ತಗೊಂಡು ಬರ್ರಿ” ಎನ್ನುತ್ತೇನೆ. ಅವರು ಬರುತ್ತಾರೆ, ಬೇರಿಂಗೇ ಹೋಗಿರುತ್ತದೆ. ಹೀಗೆ ಹೇಳಿ ಹೇಳಿ, ಅದು ನಿಜವಾಗಿ ಆಗಿ, ಕೊನೆಗೆ ಗಾಡಿಯನ್ನು ನೋಡುವುದು ಒಂದು ಶಾಸ್ತ್ರಕ್ಕೆ ಎನ್ನುವ ಹಂತಕ್ಕೆ ಬಂದಿದ್ದೆ.

ಅವತ್ತು ನಾನು ನರಗುಂದದಲ್ಲಿ ಬೀಗರ ಮನೆಯ ಊಟಕ್ಕೆ ಕುಳಿತಿದ್ದೆ. ಮಾದಲಿ ಬಡಿಸಿದ್ದರು, ಮೇಲೆ ಹಾಲು ಹಾಕುತ್ತಿದ್ದರು. ಆಗ ಅಸೂಟಿಯ ಅಕ್ಕಾರ ಫೋನು ಬಂತು. ಅಕ್ಕಾರು ಎಂದರೆ ಅಸೂಟಿಯಲ್ಲಿ ದೊಡ್ಡ ಒಕ್ಕಲುತನವಿರುವ ಹಿರಿಯ ಹೆಣ್ಣುಮಗಳು. ಗಂಡ ಹೋದಮೇಲೆ ಹೊಲ, ಆಳು, ಬಣವಿ ಎಲ್ಲವನ್ನೂ ತಾವೇ ನೋಡಿಕೊಂಡವರು. ಅವರ ತವರುಮನೆ ನಮ್ಮೂರಿನ ಗುಡ್ಡದ ಆಚೆ. ತಿಂಗಳಿಗೆ ಎರಡು ಸಲವಾದರೂ ಕಾರಿನಲ್ಲಿ ಆ ಗುಡ್ಡ ಏರಿ ಹೋಗುತ್ತಾರೆ. ಆ ಕಾರಿನ ಕೆಲಸವೆಲ್ಲ ನನ್ನಲ್ಲೇ.

“ತಮ್ಮಾ, ಗುಡ್ಡದ ಏರಿನ್ಯಾಗ ಗಾಡಿ ಕುದಿಯಾಕ ಹತ್ತೇತಿ. ಬಾನೆಟ್ಟಿನಿಂದ ಹಬಿ ಬರಾಕ ಹತ್ತೇತಿ. ಏನ್ ಮಾಡೂಣು?”

“ನೀರಿನ ಡಬ್ಬಿ ನೋಡ್ರಿ ಅಕ್ಕಾರ. ಬಿಳೇದು, ಪ್ಲಾಸ್ಟಿಕ್ಕಿಂದು. ಮುಚ್ಚಳಾ ತಗೀಬ್ಯಾಡ್ರಿ, ಹೊರಗಿಂದ ನೋಡ್ರಿ.”

“ಖಾಲಿ ಐತಿ.”

“ಹಂಗಾರ ಮುಗೀತ್ರಿ. ಡ್ರೈವರು ನೀರು ನೋಡಿಲ್ಲ, ಅಷ್ಟ.”

ಚಪ್ಪರದ ಕೆಳಗೆ ಕುಳಿತ ಬೀಗರೆಲ್ಲ ಕೇಳಲಿ ಎಂದೇ ಸ್ವಲ್ಪ ಜೋರಾಗಿ ಹೇಳಿದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು “ನೋಡ್ರಿ, ಕೂತಲ್ಲೇ ಹೇಳಿಬಿಟ್ರು” ಎಂದರು. ನಾನು ಫೋನು ಕಿಸೆಗೆ ಹಾಕಿ, ಇನ್ನೊಂದು ಸಲ ಮಾದಲಿ ಹಾಕಿಸಿಕೊಂಡೆ.

ನಾನು ಮಾದಲಿ ತಿಂದು ಕೈ ತೊಳೆಯುವಷ್ಟರಲ್ಲಿ ಗುಡ್ಡದ ಮೇಲೆ ಒಬ್ಬ ಮನುಷ್ಯನ ಕೆಲಸ ಹೋಗಿತ್ತು. ಗಾಡಿ ತಣ್ಣಗಾದಮೇಲೆ ಅದಕ್ಕೆ ನೀರು ಹಾಕಿ, ಅಕ್ಕಾರನ್ನು ಮನೆಗೆ ಮುಟ್ಟಿಸಿ, ಕೀಲಿಕೈ ಅವರ ಕಟ್ಟೆಯ ಮೇಲಿಟ್ಟು ಡ್ರೈವರು ಬಸ್ಸು ಹತ್ತಿ ತನ್ನೂರು ಯಾವಗಲ್ಲಿಗೆ ಹೋದನಂತೆ. ಇದು ನನಗೆ ಎರಡು ದಿನದ ಮೇಲೆ ಗೊತ್ತಾಯಿತು. ನಿಜ ಹೇಳಬೇಕೆಂದರೆ, ಆಗ ನನಗೆ ಏನೂ ಅನಿಸಲಿಲ್ಲ. ನೀರು ನೋಡದ ಡ್ರೈವರನನ್ನು ಬಿಡಿಸದೆ ಏನು ಆರತಿ ಎತ್ತುತ್ತಾರೆಯೇ ಎಂದುಕೊಂಡೆ.

ಈ ಡ್ರೈವರನನ್ನು ನಾವೆಲ್ಲ ಚಾಚಾ ಎನ್ನುತ್ತೇವೆ. ಅರವತ್ತರ ಹತ್ತಿರದವರು, ಕಡಿಮೆ ಮಾತಿನವರು. ಅಕ್ಕಾರ ಮನೆಯಲ್ಲಿ ಮೊದಲು ಜೀಪು, ಆಮೇಲೆ ಈ ಕಾರು, ಒಟ್ಟು ಹದಿನೈದು ವರ್ಷ ಓಡಿಸಿದವರು. ಬೆಳಗ್ಗೆ ಬಂದೊಡನೆ ಬಾನೆಟ್ಟು ಎತ್ತಿ, ನೀರಿನ ಗೆರೆ ನೋಡಿ, ಆಯಿಲ್ ಕಡ್ಡಿ ಒರೆಸಿ ನೋಡಿ, ಆಮೇಲೆ ಬಿಸ್ಮಿಲ್ಲಾ ಎಂದು ಸ್ಟಾರ್ಟ್ ಮಾಡುತ್ತಿದ್ದರು. ನಮ್ಮ ಕಡೆ ಬೋರಿನ ನೀರು ಸವಳು. ರೇಡಿಯೇಟರಿಗೆ ಹಾಕಿದರೆ ಒಳಗೆ ಸುಣ್ಣ ಕಟ್ಟುತ್ತದೆ. ಚಾಚಾ ಅದನ್ನು ಒಂದು ದಿನವೂ ಹಾಕಿದವರಲ್ಲ. ಹಸಿರು ಕೂಲಂಟಿನ ಕ್ಯಾನು ಸದಾ ಡಿಕ್ಕಿಯಲ್ಲಿರುತ್ತಿತ್ತು. ಇದೆಲ್ಲ ನನಗೆ ಚೆನ್ನಾಗಿಯೇ ಗೊತ್ತಿತ್ತು, ನರಗುಂದದ ಚಪ್ಪರದಲ್ಲಿ ಮಾತ್ರ ನೆನಪಾಗಲಿಲ್ಲ.

ಇಪ್ಪತ್ತು ದಿನ ಕಳೆದಿರಬೇಕು. ಒಂದು ಮಧ್ಯಾಹ್ನ ಅದೇ ಕಾರು ಟ್ರ್ಯಾಕ್ಟರಿನ ಹಿಂದೆ ಹಗ್ಗಕ್ಕೆ ಕಟ್ಟಿಸಿಕೊಂಡು ನನ್ನ ಗ್ಯಾರೇಜಿಗೆ ಬಂತು. ಟ್ರ್ಯಾಕ್ಟರಿನಿಂದ ಅಕ್ಕಾರು ಇಳಿದರು. ಮತ್ತೆ ಗುಡ್ಡದ ಏರು, ಮತ್ತೆ ಕುದಿ. ಈ ಸಲ ಓಡಿಸಿದ್ದು ರೋಣದಿಂದ ಕರೆಸಿದ ಬಾಡಿಗೆ ಡ್ರೈವರು.

ನಾನು ಬಾಯಿ ತೆಗೆಯುವ ಮೊದಲೇ ಅಕ್ಕಾರು ತಮ್ಮ ಫೋನು ನನ್ನ ಮೂಗಿನ ಮುಂದೆ ಹಿಡಿದರು. ಅದರಲ್ಲಿ ಒಂದು ಫೋಟೋ. ನೀರಿನ ಡಬ್ಬಿ, ಒಳಗೆ ಹಸಿರು ನೀರು, ಗೆರೆಗೆ ಸರಿಯಾಗಿ.

“ಮುಂಜಾನಿ ಹೊರಡೂ ಮೊದಲ ನಾನ ಬಾನೆಟ್ ತಗಿಸಿ, ನಾನ ನೋಡಿ, ನಾನ ಫೋಟೋ ಹೊಡದೀನಿ. ಈಗ ಡಬ್ಬಿ ಖಾಲಿ ಐತಿ. ಈ ಸಲ ನೀರು ನೋಡದಾವ್ರು ಯಾರು? ಹೇಳು ನೋಡೂಣು.”

ನೀರು ಕಡಿಮೆಯಾಗಿ ಗಾಡಿ ಕುದಿಯುವುದು ಒಂದು. ಗಾಡಿ ಕುದಿದು ನೀರೆಲ್ಲ ಹಬೆಯಾಗಿ ಹೊರಹೋಗುವುದು ಇನ್ನೊಂದು. ಎರಡರಲ್ಲೂ ಕೊನೆಗೆ ಡಬ್ಬಿ ಖಾಲಿಯೇ. ಯಾವುದು ಮೊದಲಾಯಿತು ಎಂದು ಖಾಲಿ ಡಬ್ಬಿ ನೋಡಿ ಹೇಳಲು ಬರುವುದಿಲ್ಲ. ಇದು ಗ್ಯಾರೇಜಿನಲ್ಲಿ ಮೊದಲನೆಯ ವರ್ಷ ಕಲಿಯುವ ಪಾಠ.

“ಗಾಡಿ ಬಿಟ್ಟು ಹೋಗ್ರಿ ಅಕ್ಕಾರ,” ಎಂದೆ. “ಹುಡುಕಿ ತಗೀತೀನಿ.”

“ಫೋನಿನ್ಯಾಗ ಹೇಳಬ್ಯಾಡ ಮತ್ತ,” ಎಂದು ಅವರು ಟ್ರ್ಯಾಕ್ಟರು ಹತ್ತಿದರು.

ಹುಡುಕಿ ತೆಗೆಯುತ್ತೇನೆ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಈಗಲೂ ಇಲ್ಲ. ಗಾಡಿ ಮನುಷ್ಯರಂತಲ್ಲ, ಸರಿಯಾಗಿ ಕೇಳಿದರೆ ಸುಳ್ಳು ಹೇಳುವುದಿಲ್ಲ. ಮೊದಲು ಸುಲಭದ ಪ್ರಶ್ನೆಗಳನ್ನು ಕೇಳಿದೆ. ಪೈಪು ಎಲ್ಲೂ ಸೋರುತ್ತಿರಲಿಲ್ಲ. ಆಯಿಲಿನಲ್ಲಿ ನೀರು ಬೆರೆತಿರಲಿಲ್ಲ. ಹೊಸ ನೀರು ತುಂಬಿ ಇಂಜಿನ್ ಚಾಲೂ ಇಟ್ಟರೆ ಡಬ್ಬಿಯಲ್ಲಿ ಗುಳ್ಳೆ ಏಳಲಿಲ್ಲ; ಅಂದರೆ ಹೆಡ್ಡಿನ ಗ್ಯಾಸ್ಕೆಟ್ ಗಟ್ಟಿಯಾಗಿತ್ತು. ನೀರಿನ ಪಂಪು ಸರಿ, ಫ್ಯಾನು ಸರಿ. ಡಬ್ಬಿಯ ಮುಚ್ಚಳದ ರಬ್ಬರು ಮಾತ್ರ ಹಳೆಯದಾಗಿತ್ತು, ಜೋರು ಕಾವಿಗೆ ಹಬೆ ಬಿಟ್ಟುಕೊಡುವಂತಿತ್ತು. ಅದನ್ನು ಬದಲಿಸಿದೆ. ಆದರೆ ಮುಚ್ಚಳ ಹಬೆ ಬಿಟ್ಟೀತೇ ಹೊರತು ಇಂಜಿನ್ನಿಗೆ ಬೆಂಕಿ ಹಚ್ಚಲಾರದು. ಅಷ್ಟು ಕಾವು ಎಲ್ಲಿಂದ ಬಂತು ಎಂಬುದೇ ಪ್ರಶ್ನೆ. ಗ್ಯಾರೇಜಿನ ನೆರಳಿನಲ್ಲಿ ಗಾಡಿ ಒಂದು ತಾಸು ಚಾಲೂ ಇದ್ದರೂ ಕಾವು ತೋರಿಸುವ ಮುಳ್ಳು ನಡುವಿನಿಂದ ಅಲುಗಲಿಲ್ಲ. ಅಸೂಟಿಯಿಂದ ರೋಣ, ರೋಣದಿಂದ ಗಜೇಂದ್ರಗಡ, ಎಲ್ಲ ಬಯಲು ರಸ್ತೆ. ಅಲ್ಲೂ ಏನೂ ಆಗುತ್ತಿರಲಿಲ್ಲ. ಏರಿನಲ್ಲಿ ಮಾತ್ರ.

ಸ್ಕ್ಯಾನರ್ ಹಚ್ಚಿದೆ. ಗಾಡಿಯ ಕಂಪ್ಯೂಟರು ಒಂದೇ ಒಂದು ದೂರು ಬರೆದಿಟ್ಟುಕೊಂಡಿತ್ತು: ಥರ್ಮೋಸ್ಟಾಟಿನ ಕರೆಂಟಿನ ದಾರಿಯಲ್ಲಿ ದೋಷ.

ಥರ್ಮೋಸ್ಟಾಟ್ ಎಂದರೆ ಇಂಜಿನ್ನಿಗೂ ರೇಡಿಯೇಟರಿಗೂ ನಡುವೆ ಇರುವ ಒಂದು ಸಣ್ಣ ಬಾಗಿಲು. ಒಳಗೆ ಮೇಣವಿರುತ್ತದೆ. ಇಂಜಿನ್ ಕಾದಾಗ ಮೇಣ ಕರಗಿ ಉಬ್ಬಿ ಬಾಗಿಲು ತೆರೆಯುತ್ತದೆ, ಬಿಸಿ ನೀರು ರೇಡಿಯೇಟರಿಗೆ ಹೋಗಿ ತಣಿದು ಬರುತ್ತದೆ. ನನಗೆ ಕೆಲಸ ಕಲಿಸಿದ ಉಸ್ತಾದರ ಕಾಲಕ್ಕೆ ನಮ್ಮ ಕಡೆ ಈ ಬಾಗಿಲಿಗೆ ಮರ್ಯಾದೆ ಇರಲಿಲ್ಲ. “ಇದು ಥಂಡಿ ದೇಶದಾವ್ರಿಗೆ ಬೇಕು. ಈ ಬಿಸಿಲಿಗೆ ಬಾಗಿಲಾ ಯಾಕ ಬೇಕು?” ಎಂದು ಯಾವ ಹೊಸ ಗಾಡಿ ಬಂದರೂ ಮೊದಲು ಅದನ್ನು ಕಿತ್ತು ಡಬ್ಬಿಗೆ ಹಾಕುವುದು. ನನ್ನ ಗ್ಯಾರೇಜಿನ ಗೋಡೆಯ ಮಾಡದಲ್ಲಿ ಇನ್ನೂ ಒಂದು ಬಿಸ್ಕೀಟು ಡಬ್ಬಿ ತುಂಬ ಅಂಥ ಬಾಗಿಲುಗಳಿವೆ. ಈಗಿನ ಗಾಡಿಗಳಲ್ಲಿ ಆ ಆಟ ನಡೆಯುವುದಿಲ್ಲ. ಇವುಗಳ ಮೇಣದ ಪಕ್ಕದಲ್ಲಿ ಒಂದು ಪುಟ್ಟ ಹೀಟರ್ ಇರುತ್ತದೆ. ಇಂಜಿನ್ನಿಗೆ ಭಾರ ಬಿದ್ದಾಗ, ಅಂದರೆ ಮಂದಿ ತುಂಬಿಕೊಂಡು, ಏಸಿ ಹಾಕಿಕೊಂಡು, ಬಿಸಿಲಲ್ಲಿ ಗುಡ್ಡ ಏರುವಾಗ, ಕಂಪ್ಯೂಟರು ಆ ಹೀಟರಿಗೆ ಕರೆಂಟು ಕಳಿಸುತ್ತದೆ. ಮೇಣ ಬೇಗ ಕರಗುತ್ತದೆ, ಬಾಗಿಲು ಮುಂಚಿತವಾಗಿಯೇ ತೆರೆಯುತ್ತದೆ. ಕರೆಂಟು ಮುಟ್ಟದಿದ್ದರೆ ಬಾಗಿಲು ತಡವಾಗಿ ತೆರೆಯುತ್ತದೆ. ಬಯಲಿನಲ್ಲಿ ಈ ತಡ ಯಾರಿಗೂ ಗೊತ್ತಾಗುವುದಿಲ್ಲ, ಗುಡ್ಡದಲ್ಲಿ ಗೊತ್ತಾಗುತ್ತದೆ.

ಇಷ್ಟು ತಿಳಿದಾಗ ಸಂಜೆಯಾಗಿತ್ತು. ರೋಗ ಸಿಕ್ಕಿತು, ನಾಳೆ ಅದರ ಬೇರು ತೆಗೆದರಾಯಿತು ಎಂದು ಶಟರ್ ಎಳೆದು ಮನೆಗೆ ಹೋದೆ.

ಮರುದಿನ ಶಟರ್ ಎತ್ತುವ ಹೊತ್ತಿಗೆ ಚಾಚಾ ಎದುರಿನ ಕಟ್ಟೆಯ ಮೇಲೆ ಕುಳಿತಿದ್ದರು. ಬಿಳಿ ಟೋಪಿ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಒಂದು ಚೀಲ. ಯಾವಗಲ್ಲಿನಿಂದ ಮೊದಲನೇ ಬಸ್ಸಿಗೆ ಹೊರಟು ರೋಣದಲ್ಲಿ ಬಸ್ಸು ಬದಲಿಸಿ ಬಂದಿದ್ದರು.

“ಗಾಡಿ ಬಂದೈತಂತ ಕೇಳಿದ್ನಿರಿ ಮಿಸ್ತ್ರಿ.”

“ಬಂದೈತ್ರಿ ಚಾಚಾ. ಬರ್ರಿ, ಒಳಗ ಕುಂದರ್ರಿ.”

ಅವರು ಬಂದು ಗಿರಾಕಿಗಳಿಗೆಂದು ಹಾಕಿದ ಮರದ ಬಾಕಿನ ಮೇಲೆ ಕುಳಿತರು. ಗಾಡಿಯ ಕಡೆ ನೋಡಿದರು, ಆಮೇಲೆ ನನ್ನ ಕಡೆ.

“ನಾ ಕೆಲಸ ಕೇಳಾಕ ಬಂದಿಲ್ರಿ,” ಎಂದರು. “ನಮ್ಮೂರಾಗ ಚಾದ ಅಂಗಡಿಗೆ ಹೋದ್ರ ‘ಇಂಜಿನ್ ಸುಟ್ರಂತಲ್ಲ’ ಅಂತ ಕೇಳ್ತಾರ. ಚಿಕ್ಕನರಗುಂದದಾಗ ಒಬ್ಬರು ಗಾಡಿ ಹೊಡೀಲಿಕ್ಕ ಬಾ ಅಂದಿದ್ರು, ಅವರೂ ಈಗ ಫೋನ್ ಎತ್ತವಲ್ರು. ಅದು ಹೋಗ್ಲಿ. ಅವತ್ತ ಮುಂಜಾನಿ ನಾ ನೀರು ನೋಡಿದ್ನಿ. ಗೆರಿ ಮಟ್ಟ ಇತ್ತು. ನೀವು ಅಷ್ಟ ಹೇಳ್ರಿ ಸಾಕು. ನಿಮ್ಮ ಮಾತು ಎಲ್ಲಾರೂ ಕೇಳ್ತಾರ.”

ನಿಮ್ಮ ಮಾತು ಎಲ್ಲಾರೂ ಕೇಳ್ತಾರ ಎಂಬುದನ್ನು ಅವರು ಚುಚ್ಚಲು ಹೇಳಲಿಲ್ಲ. ಅದಕ್ಕೇ ನನಗೆ ಹೆಚ್ಚು ಚುಚ್ಚಿತು.

“ಇವತ್ತ ಸಂಜಿ ಒಳಗ ಹೇಳ್ತೀನ್ರಿ,” ಎಂದೆ. “ಯಾವ್ದು ಖರೇ ಅನ್ನೂದು ಗಾಡೀನ ಹೇಳ್ತೈತಿ.”

ಚಹಾ ತರಿಸಿ ಕೆಲಸಕ್ಕೆ ಕುಳಿತೆ. ಬೇರೆ ಯಾರಾದರೂ ಆಗಿದ್ದರೆ ಸ್ಕ್ಯಾನರ್ ಥರ್ಮೋಸ್ಟಾಟ್ ಎಂದಿತಲ್ಲ, ಹುಬ್ಬಳ್ಳಿಯಿಂದ ಹೊಸದು ತರಿಸಿ ಹಾಕಿ ಕೈ ತೊಳೆದುಕೊಳ್ಳುತ್ತಿದ್ದರು. ನಾನು ಹಾಗೆ ಮಾಡುವವನಲ್ಲ. ದೂರು ಕೊಟ್ಟವನೇ ಕಳ್ಳನಾಗಿರಬೇಕಿಲ್ಲ. ಪ್ಲಗ್ಗು ಬಿಚ್ಚಿ ಥರ್ಮೋಸ್ಟಾಟಿನ ಎರಡು ಕಡ್ಡಿಗೆ ಮೀಟರು ಹಿಡಿದೆ. ಒಳಗಿನ ಹೀಟರ್ ಕಡಿದಿದ್ದರೆ ಮೀಟರು ಸುಮ್ಮನಿರಬೇಕು. ಅದು ಹದಿನೈದು ಓಮ್ ತೋರಿಸಿತು. ಸರಿಯಾಗಿಯೇ ಇದೆ. ಥರ್ಮೋಸ್ಟಾಟನ್ನೇ ಬಿಚ್ಚಿ ಸ್ಟೋವಿನ ಮೇಲೆ ಪಾತ್ರೆಯಲ್ಲಿ ನೀರು ಕಾಯಿಸಿ ಅದರಲ್ಲಿ ಇಳಿಬಿಟ್ಟೆ. ಬ್ಯಾಟರಿಯಿಂದ ಎರಡು ವೈರು ಕೊಟ್ಟೆ. ನೀರು ಕುದಿಯುವ ಮೊದಲೇ ಬಾಗಿಲು ಮೆಲ್ಲಗೆ ತೆರೆಯಿತು. ಚಾಚಾ ಬಾಕಿನಿಂದ ಎದ್ದು ಬಂದು ಪಾತ್ರೆಯೊಳಗೆ ಬಗ್ಗಿ ನೋಡಿದರು.

“ಇದು ಚಲೋ ಐತೇನ್ರಿ?”

“ಇದು ಚಲೋನ ಐತ್ರಿ. ಇದಕ್ಕ ಅನ್ನಾ ಹಾಕಾವ್ರು ಸರಿ ಇಲ್ಲ.”

ಅದನ್ನು ಮರಳಿ ಕೂರಿಸಿ, ಹಸಿರು ಕೂಲಂಟು ಗೆರೆಮಟ್ಟ ತುಂಬಿ, ಗಾಡಿಯ ಕಡೆಯ ಪ್ಲಗ್ಗಿಗೆ ಮೀಟರು ಹಿಡಿದೆ. ಹನ್ನೆರಡು ವೋಲ್ಟು, ಮೇಲೆ ಚಿಲ್ಲರೆ. ಕರೆಂಟೂ ಬರುತ್ತಿದೆ. ಹೀಟರೂ ಸರಿ, ಕರೆಂಟೂ ಸರಿ, ಆದರೂ ಗುಡ್ಡದಲ್ಲಿ ಬಾಗಿಲು ತೆರೆಯುವುದಿಲ್ಲ. ಅಲ್ಲಿಗೆ ಮಧ್ಯಾಹ್ನವಾಯಿತು. ಮನೆಯಿಂದ ಬಂದ ಬುತ್ತಿಯಲ್ಲಿ ಚಾಚಾಗೂ ಎರಡು ರೊಟ್ಟಿ ಕೊಟ್ಟು, ಪುಂಡಿಪಲ್ಲೆ ಹಚ್ಚಿಕೊಂಡು ತಿನ್ನುತ್ತ ಯೋಚಿಸಿದೆ. ತಿನ್ನುವಾಗ ನನ್ನ ತಲೆ ಚೆನ್ನಾಗಿ ಓಡುತ್ತದೆ. ನರಗುಂದದಲ್ಲಿ ಒಂದು ದಿನ ಓಡಲಿಲ್ಲ, ಅಷ್ಟೇ.

ಮೀಟರು ಕರೆಂಟನ್ನು ಬರೀ ಮುಟ್ಟಿ ನೋಡುತ್ತದೆ, ಅದರ ಕೈಲಿ ಕೆಲಸ ಮಾಡಿಸುವುದಿಲ್ಲ. ವೈರಿನಲ್ಲಿ ಒಂದೇ ಒಂದು ಎಳೆ ತಾಗಿಕೊಂಡಿದ್ದರೂ ಮೀಟರು ಹನ್ನೆರಡು ಎಂದೇ ಹೇಳುತ್ತದೆ. ಕೆಲಸ ಕೊಟ್ಟಾಗಲೇ ಬಂಡವಾಳ ಹೊರಬೀಳುವುದು. ಕೈ ತೊಳೆದುಕೊಂಡು ಬಂದವನೇ ಹಳೆಯ ಇಂಡಿಕೇಟರ್ ಬಲ್ಬೊಂದನ್ನು ತೆಗೆದುಕೊಂಡೆ. ಅದರ ಒಂದು ವೈರನ್ನು ಪ್ಲಗ್ಗಿನ ಕರೆಂಟಿಗೆ, ಇನ್ನೊಂದನ್ನು ಇಂಜಿನ್ನಿನ ಮೈಗೆ ಹಿಡಿದೆ. ಬಲ್ಬು ಹತ್ತಿತು, ಆದರೆ ಹತ್ತಿದ್ದೂ ಒಂದು ಹತ್ತುವುದೇ. ಆರುತ್ತಿರುವ ಬೀಡಿಯ ತುದಿಯಂತೆ ಕೆಂಪಗೆ ಮಿಣಿಮಿಣಿ ಎಂದಿತು. ಅದೇ ಬಲ್ಬನ್ನು ಬ್ಯಾಟರಿಗೆ ನೇರ ಹಿಡಿದರೆ ಕಣ್ಣು ಕುಕ್ಕುವಷ್ಟು ಬೆಳಕು.

“ಸಿಕ್ಕ ನೋಡ್ರಿ ಚಾಚಾ,” ಎಂದೆ. “ಬ್ಯಾಟರಿಯಿಂದ ಇಲ್ಲಿಗೆ ಬರೋದ್ರಾಗ ಎಲ್ಲೋ ಒಂದು ಕೆಟ್ಟ ಜಾಯಿಂಟ್ ಐತಿ. ಯಾವನೋ ಕತ್ತೆ ವೈರು ಕೂಡ್ಸ್ಯಾನ. ಇಂಥಾವ್ರ ಕೈಗೆ ಇಕ್ಕಳ ಕೊಟ್ಟಾವ್ರು ಯಾರು ಅಂತ ಕೇಳಬೇಕು. ಆ ಕತ್ತೆ ದೆಸಿಯಿಂದ ನಿಮ್ಮ ಹೊಟ್ಟಿ ಮ್ಯಾಲೆ ಕಾಲು ಬಿತ್ತು.”

ಚಾಚಾ ಚಹಾದ ಲೋಟ ಎತ್ತಿ ಒಂದು ಗುಟುಕು ಕುಡಿದರು.

ನಾನು ಬೈಯುತ್ತಲೇ ವೈರಿನ ಹಾದಿ ಹಿಡಿದೆ. ಬೈಯುವುದರಲ್ಲಿ ನನಗೆ ದಣಿವಿಲ್ಲ. ಇಂಜಿನ್ನಿನ ಹಿಂಬದಿಗೆ, ಕೈ ಹೋಗುವುದೇ ಕಷ್ಟವಾದ ಸಂದಿಯಲ್ಲಿ, ವೈರುಗಳ ಕಟ್ಟಿಗೆ ಕರಿ ಟೇಪು ಸುತ್ತಿದ್ದು ಸಿಕ್ಕಿತು. ಕಂಪನಿಯ ಟೇಪಲ್ಲ, ಅಂಗಡಿಯ ಟೇಪು. ಅಂಟು ಕರಗಿ ಕೈಗೆ ಮೆತ್ತಿಕೊಂಡಿತು. ಸುತ್ತು ಬಿಚ್ಚಿದೆ. ಒಳಗೆ ತಾಮ್ರ ಹಸಿರಾಗಿ ಕಿಲುಬು ಹಿಡಿದಿತ್ತು. ಆ ಕಿಲುಬಿನ ನಡುವೆ ಒಂದು ಗಂಟು.

ಎಲ್ಲರೂ ವೈರು ಕೂಡಿಸುವಾಗ ಎರಡು ತುದಿ ಸೇರಿಸಿ ತಿರುಪುತ್ತಾರೆ. ಇದು ತಿರುಪಿದ್ದಲ್ಲ. ಎರಡು ತುದಿಯನ್ನು ಒಂದರ ಕೊರಳಲ್ಲಿ ಒಂದು ಹಾಯಿಸಿ, ಚಪ್ಪಟೆಯಾಗಿ, ಜೋಳದ ಕಾಳಿಗಿಂತ ಸಣ್ಣದಾಗಿ ಬಿಗಿದ ಗಂಟು. ಮಗ್ಗದಲ್ಲಿ ಎಳೆ ಕಡಿದಾಗ ಹಾಕುವ ಗಂಟು ಅದು. ನೇಯುವಾಗ ಹಣಿಗೆಯಲ್ಲಿ ಸಿಕ್ಕಿಕೊಳ್ಳದೆ ನುಣ್ಣಗೆ ದಾಟಿ ಹೋಗುತ್ತದೆ, ಸೀರೆಯಲ್ಲಿ ಎಲ್ಲಿದೆ ಎಂದು ಹುಡುಕಿದರೂ ಸಿಗುವುದಿಲ್ಲ. ನಮ್ಮೂರಿನ ನೇಕಾರರ ಮನೆಗಳಲ್ಲಿ ಮಕ್ಕಳು ಅಕ್ಷರಕ್ಕಿಂತ ಮೊದಲು ಅದನ್ನು ಕಲಿಯುತ್ತಾರೆ. ನನಗೆ ನನ್ನವ್ವ ಕಲಿಸಿದ್ದು. ಆ ಮನೆಗಳಿಂದ ಹೊರಬಿದ್ದು ಇಕ್ಕಳ ಹಿಡಿದವನು ಈ ಸೀಮೆಯಲ್ಲಿ ನಾನೊಬ್ಬನೇ. “ನಮ್ಮ ಜಾಯಿಂಟು ಜಗ್ಗಿದ್ರೂ ಬಿಚ್ಚಂಗಿಲ್ಲ” ಎಂದು ನಾನು ಎಷ್ಟು ಮಂದಿಯ ಮುಂದೆ ಜಂಬ ಕೊಚ್ಚಿದ್ದೇನೋ ಲೆಕ್ಕವಿಲ್ಲ.

ಕೈ ಅಲ್ಲೇ ನಿಂತಿತು. ಎರಡು ವರ್ಷದ ಹಿಂದಿನ ಆ ಮಧ್ಯಾಹ್ನ ಪೂರ್ತಿ ನೆನಪಾಯಿತು. ಅಕ್ಕಾರ ಶೇಂಗಾ ತುಂಬಿದ ಪಡಸಾಲೆಯ ಪಕ್ಕದಲ್ಲಿ ಗಾಡಿ ನಿಲ್ಲುತ್ತಿತ್ತು, ಇಲಿಗಳು ಬಾನೆಟ್ಟಿನೊಳಗೆ ಹೊಕ್ಕು ನಾಲ್ಕು ವೈರು ಕಡಿದಿದ್ದವು. ಅಕ್ಕಾರಿಗೆ ತವರಿಗೆ ಹೋಗುವ ಅವಸರ. ವೈರು ಕೂಡಿಸಿ ಬೆಸುಗೆ ಹಾಕೋಣವೆಂದರೆ ಊರಲ್ಲಿ ಕರೆಂಟಿರಲಿಲ್ಲ. ಹೀಗಾಗಿ ನಾಲ್ಕಕ್ಕೂ ಗಂಟು ಹಾಕಿ, ಟೇಪು ಸುತ್ತಿ, “ಮುಂದಿನ ಸಲ ಬಂದಾಗ ಬೆಸಿಗಿ ಹಾಕ್ತೀನ್ರಿ” ಎಂದು ಕಳಿಸಿದ್ದೆ. ಮುಂದಿನ ಸಲ ಅವರು ಬಂದರು, ಅದರ ಮುಂದಿನ ಸಲವೂ ಬಂದರು. ಗಾಡಿ ಚೆನ್ನಾಗಿ ಓಡುತ್ತಿತ್ತು, ನನಗೆ ಮರೆತೇ ಹೋಯಿತು. ಮೂರು ಗಂಟು ಹೇಗೋ ತಡೆದುಕೊಂಡವು. ಸಂದಿಯ ತೇವಕ್ಕೆ ನಾಲ್ಕನೆಯದು ಕಿಲುಬು ಹಿಡಿಯಿತು. ನೂಲಿಗೆ ಬೇಕಾದದ್ದು ಜಗ್ಗಿದರೆ ತಾಳುವ ಬಲ. ಕರೆಂಟಿಗೆ ಬೇಕಾದದ್ದು ತಾಮ್ರಕ್ಕೆ ತಾಮ್ರ ಪೂರ್ತಿ ಕೂಡುವುದು. ಎರಡು ಕಸುಬು ಬಲ್ಲವನು ಎಂಬ ಸೊಕ್ಕಿನಲ್ಲಿ ಎರಡನ್ನೂ ಕಲಸಿಬಿಟ್ಟಿದ್ದೆ.

ಇನ್ನೊಂದು ಸಂಗತಿಯೂ ನೆನಪಾಯಿತು. ಆ ದಿನ ಸಂದಿಯೊಳಗೆ ಕಾಣಲಿ ಎಂದು ಬ್ಯಾಟರಿ ದೀಪ ಹಿಡಿದು ನನ್ನ ಪಕ್ಕ ನಿಂತಿದ್ದವರು ಚಾಚಾ.

ತಲೆ ಎತ್ತಿ ನೋಡಿದೆ. ಅವರು ಖಾಲಿ ಲೋಟ ಕೈಯಲ್ಲಿ ಹಿಡಿದು ರಸ್ತೆಯ ಕಡೆ ನೋಡುತ್ತ ಕುಳಿತಿದ್ದರು.

“ನಿಮಗ ಗೊತ್ತಿತ್ತೇನ್ರಿ ಚಾಚಾ?”

“ನನಗ ವೈರಿನ ಕೆಲಸ ತಿಳಿಯಂಗಿಲ್ರಿ ಮಿಸ್ತ್ರಿ,” ಎಂದರು. “ನೀರಿಂದಷ್ಟ ಗೊತ್ತು.”

ನಾನು ಬೈದ ಬೈಗುಳವೆಲ್ಲ ಇನ್ನೂ ಗ್ಯಾರೇಜಿನಲ್ಲೇ ಇತ್ತು. ಮೋರೆ ಬಿಸಿಯಾಯಿತು. ನಾಚಿಕೆ ಎಂಬುದು ನನಗೆ ಅಪರೂಪಕ್ಕೆ ಆಗುತ್ತದೆ, ಆದಾಗ ಭಾಳ ಆಗುತ್ತದೆ. ಎದ್ದು ಹೊರಗೆ ಹೋಗಿ ತೊಟ್ಟಿಯ ನೀರಿನಿಂದ ಮೋರೆ ತೊಳೆದುಕೊಂಡೆ.

ಅಲ್ಲಿ ನಿಂತಾಗ ಒಂದು ಯೋಚನೆ ಬಂತು, ಅದನ್ನು ಮುಚ್ಚಿಡುವುದಿಲ್ಲ. ಇಲಿಯ ಮೇಲೆ ಹಾಕಿಬಿಡಬಹುದಿತ್ತು. ಗಂಟು ಕತ್ತರಿಸಿ, ಬೆಸುಗೆ ಹಾಕಿ, “ಇಲಿ ವೈರು ಕಡದಿತ್ರಿ ಅಕ್ಕಾರ, ಚಾಚಾಂದೇನು ತಪ್ಪಿಲ್ಲ” ಎಂದರೆ ಮುಗಿಯಿತು. ಅದು ಅರ್ಧ ನಿಜವೂ ಹೌದು. ಚಾಚಾನ ಹೆಸರೂ ಉಳಿಯುತ್ತದೆ, ನನ್ನದೂ ಉಳಿಯುತ್ತದೆ, ಇಲಿ ಬಂದು ವಾದ ಮಾಡುವುದಿಲ್ಲ. ಚಾಚಾ ಕೂಡ ಬಾಯಿ ಬಿಡುವವರಲ್ಲ ಎಂಬುದು ಈಗ ತಾನೇ ತಿಳಿದಿತ್ತು. ಆದರೆ ಅವರು ನನ್ನಿಂದ ಬೇಡಿದ್ದು ದಯೆಯಲ್ಲ, ಖರೇ ಮಾತು. ಇಲಿಯ ಕಥೆ ಹೇಳಿದರೆ, ನೀರು ನೋಡಿಲ್ಲ ಎಂದು ನಾನು ನೋಡದೆ ಹೇಳಿದ್ದು ಹಾಗೆಯೇ ಉಳಿಯುತ್ತದೆ. ಊರು ತಿರುಗಿದ್ದು ಆ ಮಾತು, ವೈರಲ್ಲ.

ಒಳಗೆ ಬಂದು ಅಕ್ಕಾರಿಗೆ ಫೋನು ಹಚ್ಚಿದೆ.

“ಸಿಕ್ತೇನು?” ಎಂದರು.

“ಸಿಕ್ತ್ರಿ. ಫೋನಿನ್ಯಾಗ ಹೇಳಂಗಿಲ್ಲ. ನೀವು ಬರ್ರಿ, ಬಂದು ಕಣ್ಣಲೆ ನೋಡ್ರಿ.”

ಅವರು ಬರಲು ಎರಡು ತಾಸು ಬೇಕು. ಆ ಎರಡು ತಾಸು ನಾನು ಆ ಗಂಟನ್ನು ಮುಟ್ಟಲಿಲ್ಲ. ಬೆಸುಗೆಯ ಕಡ್ಡಿ ಕಾಯಿಸಲು ಸಹ ಇಡಲಿಲ್ಲ. ಬೇರೆ ಎರಡು ಗಾಡಿಯ ಕೆಲಸ ಮಾಡಿದೆ. ಚಾಚಾ ಮಸೀದಿಗೆ ಹೋಗಿ ನಮಾಜು ಮುಗಿಸಿ ಬಂದು ಮತ್ತೆ ಬಾಕಿನ ಮೇಲೆ ಕುಳಿತರು.

ಅಕ್ಕಾರು ಬಂದಾಗ ಗ್ಯಾರೇಜಿನಲ್ಲಿ ಇನ್ನೂ ಮೂರು ನಾಲ್ಕು ಗಿರಾಕಿಗಳಿದ್ದರು. ಅವರು ಹೋಗಲಿ ಎಂದು ಕಾಯಲಿಲ್ಲ. ಹೊಗಳಿಸಿಕೊಂಡದ್ದು ಚಪ್ಪರದಲ್ಲಾದರೆ ಇದನ್ನೂ ನಾಲ್ಕು ಜನರ ಮುಂದೆಯೇ ಹೇಳಬೇಕು. ಅಕ್ಕಾರನ್ನು ಬಾನೆಟ್ಟಿನ ಹತ್ತಿರ ಕರೆದೆ. ಬಲ್ಬನ್ನು ಅವರ ಕೈಗೇ ಕೊಟ್ಟೆ.

“ಈ ವೈರಿಗೆ ಹಿಡೀರಿ.”

ಹಿಡಿದರು. ಬಲ್ಬು ಮಿಣಿಮಿಣಿ ಎಂದಿತು.

“ಇಷ್ಟ ಕರೆಂಟಿನ್ಯಾಗ ಬಾಗಿಲಾ ತಗಿಯಂಗಿಲ್ರಿ. ಅದಕ್ಕ ಗುಡ್ಡದಾಗ ಕುದೀತೈತಿ. ಕುದ್ದು ನೀರು ಹೊರಗ ಹೋಗ್ತೈತಿ. ಚಾಚಾ ನೀರು ನೋಡಿದ್ರು. ನೀರು ಇತ್ತು. ನಾ ನೋಡದ ಹೇಳಿದ್ನಿ.”

ಆಮೇಲೆ ಗಂಟು ತೋರಿಸಿದೆ. ಯಾರ ಗಂಟು ಎಂದು ಕೇಳುವ ಅಗತ್ಯವಿರಲಿಲ್ಲ. ಈ ನೇಕಾರರ ಗಂಟಿನ ಜಂಬವನ್ನು ಅಕ್ಕಾರೂ ನನ್ನ ಬಾಯಿಂದ ಕೇಳಿದವರೇ, ಆದರೂ ನಾನೇ ಬಾಯಿಬಿಟ್ಟು ಹೇಳಿದೆ.

“ಇದು ನಂದ್ರಿ. ಇಲಿ ಕಡದಾಗ ಕರೆಂಟ್ ಇರಲಿಲ್ಲಂತ ಗಂಟು ಹಾಕಿದ್ನಿ. ಬೆಸಿಗಿ ಹಾಕ್ತೀನಂತ ಹೇಳಿ ಮರ್ತೆ. ತಪ್ಪು ನಂದು. ಮೊದಲ ವೈರಿಂದು, ಆಮ್ಯಾಗ ಬಾಯಿಂದು.”

ಅಕ್ಕಾರು ಗಂಟನ್ನು ನೋಡಿದರು, ನನ್ನನ್ನು ನೋಡಿದರು.

“ನೀ ಹೇಳಿದಿ ಅಂತ ನಾ ಹದಿನೈದು ವರ್ಷದ ಮನಿಶಾನ್ನ ಗುಡ್ಡದ ಮ್ಯಾಲೆ ನಿಂತ ಬಿಡಿಸೇನಿ,” ಎಂದರು. ಬಲ್ಬನ್ನು ಬಾನೆಟ್ಟಿನ ಅಂಚಿಗಿಟ್ಟು, “ನಾನೂ ಕೇಳಬೇಕಿತ್ತು. ಅವರನ್ನ ಒಂದ ಮಾತು ಕೇಳ್ಲಿಲ್ಲ” ಎಂದರು. ಆ ಕೊನೆಯ ಮಾತು ನನಗಲ್ಲ, ಬಾಕಿನ ಕಡೆಗೆ ಹೋಯಿತು.

ಚಾಚಾ ಎದ್ದು ನಿಂತಿದ್ದರು. ತಲೆ ಬಗ್ಗಿಸಿ ಟೋಪಿ ಸರಿಮಾಡಿಕೊಂಡರು.

ಅವರೆಲ್ಲ ನೋಡುತ್ತಿದ್ದಂತೆ ಗಂಟು ಕತ್ತರಿಸಿದೆ. ಕಿಲುಬು ಹಿಡಿದಷ್ಟು ವೈರು ತೆಗೆದೊಗೆದು, ಹೊಸ ತುಂಡು ಸೇರಿಸಿ, ಬೆಸುಗೆ ಹಾಕಿ, ಮೇಲೆ ಪ್ಲಾಸ್ಟಿಕ್ಕಿನ ಕೊಳವೆ ತೊಡಿಸಿದೆ. ಉಳಿದ ಮೂರು ಗಂಟುಗಳನ್ನೂ ಹುಡುಕಿ ಹಾಗೆಯೇ ಮಾಡಿದೆ. ಮತ್ತೆ ಬಲ್ಬನ್ನು ಅಕ್ಕಾರ ಕೈಗೆ ಕೊಟ್ಟೆ. ಈ ಸಲ ಅವರು ಕಣ್ಣು ಕಿರಿದು ಮಾಡಬೇಕಾಯಿತು.

ಅಕ್ಕಾರು ಸೆರಗಿನಿಂದ ಕೈ ಒರೆಸಿಕೊಂಡು ಗಾಡಿಯ ಕೀಲಿಯನ್ನು ಚಾಚಾನ ಮುಂದೆ ಹಿಡಿದರು.

“ಹಿಡೀರಿ. ತವರಮನಿಗೆ ಹೋಗೂದೈತಿ.”

ಚಾಚಾ ಕೂಡಲೇ ಹಿಡಿಯಲಿಲ್ಲ.

“ಮೊದಲ ಗುಡ್ಡಾ ಏರಿ ನೋಡೂಣ್ರಿ ಅಕ್ಕಾರ. ಮಿಸ್ತ್ರಿನೂ ಬರ್ಲಿ.”

ಹೋದೆವು. ಚಾಚಾ ಸ್ಟೇರಿಂಗಿನಲ್ಲಿ, ಅಕ್ಕಾರು ಹಿಂದೆ, ನಾನು ಮುಂದೆ ಸ್ಕ್ಯಾನರ್ ತೊಡೆಯ ಮೇಲಿಟ್ಟುಕೊಂಡು. ಏಸಿ ಪೂರ್ತಿ ಹಾಕಿಸಿದೆ. ನಾಲ್ಕು ಗಂಟೆಯ ಬಿಸಿಲು ಇನ್ನೂ ಖಾರವಾಗಿತ್ತು. ಏರು ಶುರುವಾಗುತ್ತಿದ್ದಂತೆ ಚಾಚಾ ಗೇರು ಇಳಿಸಿದರು, ಇಂಜಿನ್ನಿನ ದನಿ ದಪ್ಪವಾಯಿತು. ಸ್ಕ್ಯಾನರಿನಲ್ಲಿ ಕಾವು ಏರತೊಡಗಿತು. ನಾನು ಉಸಿರು ಹಿಡಿದೆ ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ಖಾತ್ರಿಯಿತ್ತು. ಎರಡನೆಯ ತಿರುವಿನಲ್ಲಿ ಕಂಪ್ಯೂಟರು ಹೀಟರಿಗೆ ಕರೆಂಟು ಬಿಟ್ಟಿತು. ಕಾವು ಒಂದು ಕ್ಷಣ ನಿಂತಿತು, ಆಮೇಲೆ ಇಳಿಯಿತು. ಮುಳ್ಳು ನಡುವೆಯೇ ಉಳಿಯಿತು. ಹಿಂದೆ ಕುಳಿತಿದ್ದ ಅಕ್ಕಾರು ಮುಂದೆ ಬಗ್ಗಿ ಆ ಮುಳ್ಳನ್ನೇ ನೋಡುತ್ತಿದ್ದರು.

ಗುಡ್ಡದ ಮೇಲೆ ಗಾಳಿಯಂತ್ರಗಳ ಹತ್ತಿರ ಚಾಚಾ ಗಾಡಿ ನಿಲ್ಲಿಸಿ, ಕೀಲಿಯನ್ನು ಅಕ್ಕಾರ ಕೈಗೆ ಮರಳಿಸಿದರು. ಎರಡು ಸಲ ಕುದಿದು ನಿಂತದ್ದು ಇದಕ್ಕಿಂತ ಸ್ವಲ್ಪ ಕೆಳಗಿನ ತಿರುವಿನಲ್ಲಂತೆ. ಇಳಿದು ಸ್ವಲ್ಪ ಹೊತ್ತು ನಿಂತರು. ಇಂಜಿನ್ ತಣಿದಮೇಲೆ ಬಾನೆಟ್ಟು ಎತ್ತಿ, ಭುಜದ ಮೇಲಿನ ಬಟ್ಟೆಯಿಂದ ಡಬ್ಬಿಯ ಧೂಳು ಒರೆಸಿ ಬಗ್ಗಿ ನೋಡಿದರು. ಹದಿನೈದು ವರ್ಷ ದಿನಾ ಮುಂಜಾನೆ ನೋಡಿದ ಹಾಗೆಯೇ.

ಆಮೇಲೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿಕೊಟ್ಟರು.

“ನೀವೂ ಒಮ್ಮೆ ನೋಡ್ರಿ ಮಿಸ್ತ್ರಿ,” ಎಂದರು.

ನಾನು ಹೋಗಿ ಬಗ್ಗಿದೆ. ಒಂದೇ ನೋಟಕ್ಕೆ ಕಾಣುವಂಥದ್ದು, ಆದರೂ ಬೇಗ ಏಳಲಿಲ್ಲ. ಹಸಿರು ನೀರು ಗೆರೆಗೆ ಸರಿಯಾಗಿ ನಿಂತಿತ್ತು.

“ಐತ್ರಿ ಚಾಚಾ,” ಎಂದೆ. “ನೀರು ಐತಿ.”

ಅವರು ತಲೆ ಆಡಿಸಿ ಬಾನೆಟ್ಟು ಮುಚ್ಚಿದರು, ಅಕ್ಕಾರ ಕಡೆ ತಿರುಗಿ ಕೀಲಿಗೆ ಕೈ ಚಾಚಿದರು.